ಕ್ಯಾಟ್ ಇನ್ನೊಮ್ಮೆ ಬರೆಯಬೇಕೆ? ತಡೆದದ್ದು ಯಾವುದು ಅಂತ ಮೊದಲು ಹುಡುಕಿ

ಐಐಎಂಗಳಂಥ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್) ಸಂಸ್ಥೆಗಳಲ್ಲಿ ಎಂಬಿಎ ಸೇರಲು ಬರೆಯುವ ಪರೀಕ್ಷೆ ಕ್ಯಾಟ್. ಈಚಿನ ವರ್ಷಗಳಲ್ಲಿ ಅದರ ಫಲಿತಾಂಶ ಡಿಸೆಂಬರ್ ಮುಗಿಯುವುದರೊಳಗೆ ಬಂದುಬಿಡುತ್ತದೆ. ಬಂದ ಮರುದಿನದಿಂದಲೇ ತಲೆ ತಿನ್ನುವ ಪ್ರಶ್ನೆ ಒಂದೇ: ಮುಂದಿನ ವರ್ಷ ಇನ್ನೊಂದು ಸಲ ಬರೆಯಲೋ, ಬೇಡವೋ? ಕೋಚಿಂಗ್ ಸೆಂಟರಿನವರು ಬರೆಯಿರಿ ಅನ್ನುತ್ತಾರೆ, ಅವರ ರಿಪೀಟರ್ ಬ್ಯಾಚ್ ತುಂಬಬೇಕಲ್ಲ. ಮನೆಯವರು ಸಿಕ್ಕಿದ ಕಾಲೇಜಿಗೆ ಸೇರಿಕೋ ಅನ್ನುತ್ತಾರೆ. ಗೆಳೆಯರು ತಂತಮ್ಮ ಪರ್ಸೆಂಟೈಲ್ ಹೇಳಿ ಇದ್ದ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಇವರಲ್ಲಿ ಯಾರೂ ನಿಮ್ಮ ಸ್ಕೋರ್‌ಕಾರ್ಡ್ ಬಿಡಿಸಿ ನೋಡಿರುವುದಿಲ್ಲ.

ಅಂಕ ಕಡಿಮೆ ಬಂತೇ ಎಂದು ನಿಮ್ಮನ್ನು ನೀವೇ ಕೇಳಿಕೊಂಡರೆ ಉತ್ತರ ಯಾವಾಗಲೂ ಹೌದು. 99 ಬಂದವನಿಗೂ 99.5 ಬರಲಿಲ್ಲವಲ್ಲ ಎಂಬ ಕೊರಗು ಇದ್ದೇ ಇರುತ್ತದೆ. ಆ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ನೀವು ಬಯಸಿದ ಸಂಸ್ಥೆ ನಿಮ್ಮನ್ನು ಕರೆಯಲಿಲ್ಲ ಅಂತಾದರೆ, ತಡೆದದ್ದು ಕ್ಯಾಟ್ ಅಂಕವೋ ಅಥವಾ ಬೇರೇನೋ? ಅಂಕವೇ ಆಗಿದ್ದರೆ, ಅದು ಇನ್ನೊಂದು ವರ್ಷಕ್ಕೆ ಏರುವ ಲಕ್ಷಣ ಇದೆಯೇ? ಈ ಎರಡಕ್ಕೂ ಸ್ಕೋರ್‌ಕಾರ್ಡಿನಲ್ಲಿ, ಹಳೆಯ ಮಾರ್ಕ್ಸ್‌ಕಾರ್ಡುಗಳಲ್ಲಿ ಮತ್ತು ಮಾಕ್ ಟೆಸ್ಟುಗಳ (ಅಭ್ಯಾಸಕ್ಕೆ ಬರೆಯುವ ಅಣಕು ಪರೀಕ್ಷೆಗಳ) ದಾಖಲೆಯಲ್ಲಿ ಸಾಕಷ್ಟು ಸುಳಿವು ಸಿಗುತ್ತದೆ.

ಮೊದಲು ಪರ್ಸೆಂಟೈಲ್ ವಿಷಯ ತಿಳಿಯಾಗಲಿ. ಪರ್ಸೆಂಟೇಜ್ ಕೇಳಿ ಬೆಳೆದ ನಮ್ಮ ಕಿವಿಗೆ 90 ಅಂದರೆ ಭಾರಿ ಅಂಕ. ಪರ್ಸೆಂಟೈಲ್ ಹೇಳುವುದು ನೀವು ಎಷ್ಟು ಮಂದಿಗಿಂತ ಮುಂದಿದ್ದೀರಿ ಎಂಬುದನ್ನು ಮಾತ್ರ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. ಅಲ್ಲಿ 90 ಪರ್ಸೆಂಟೈಲ್ ಬಂದರೆ ನಿಮ್ಮ ಮುಂದೆ ಇನ್ನೂ 29 ಸಾವಿರ ಜನ ಇದ್ದಾರೆ. 95 ಬಂದರೆ ಹದಿನಾಲ್ಕೂವರೆ ಸಾವಿರ. 99 ಬಂದರೂ 2,900 ಮಂದಿ. ಮನೆಯಲ್ಲಿ ‘ತೊಂಬತ್ತೈದು ಬಂದಿದೆಯಲ್ಲ, ಇನ್ನೇನು ಬೇಕು’ ಅನ್ನುವವರಿಗೆ ಈ ಲೆಕ್ಕ ತೋರಿಸಿದರೆ ಸಾಕು.

ಇದೇ ಲೆಕ್ಕಕ್ಕೆ ಸಮಾಧಾನ ಕೊಡುವ ಇನ್ನೊಂದು ಮುಖವೂ ಇದೆ. 2024ರ ಪತ್ರಿಕೆಯಲ್ಲಿ ಭಾಷೆ, ಡೇಟಾ ಮತ್ತು ಲಾಜಿಕ್, ಗಣಿತ ಎಂಬ ಮೂರು ಸೆಕ್ಷನ್ ಸೇರಿ ಇದ್ದದ್ದು 68 ಪ್ರಶ್ನೆ, ಒಟ್ಟು 204 ಅಂಕ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಕಡಿತ, ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಗೆ ಕಡಿತ ಇಲ್ಲ. ಅಂದರೆ ಒಂದು ಪ್ರಶ್ನೆ ತಪ್ಪಾಗುವ ಬದಲು ಸರಿಯಾದರೆ ನಾಲ್ಕು ಅಂಕದ ವ್ಯತ್ಯಾಸ. 95ಕ್ಕೂ 99ಕ್ಕೂ ನಡುವೆ ಸಾವಿರಾರು ಜನ ಇದ್ದರೂ ಪ್ರಶ್ನೆಗಳ ಲೆಕ್ಕಕ್ಕೆ ತಿರುಗಿಸಿದರೆ ಆ ಅಂತರ ಬೆರಳೆಣಿಕೆಯಷ್ಟೇ. ಇನ್ನೊಂದು ಮಾತು: ಪರೀಕ್ಷೆ ಒಂದೇ ದಿನ ಮೂರು ಸ್ಲಾಟ್‌ಗಳಲ್ಲಿ ನಡೆಯುತ್ತದೆ, ಮೂರಕ್ಕೂ ಪತ್ರಿಕೆ ಬೇರೆ. ಕಷ್ಟ ಸುಲಭದ ಏರುಪೇರನ್ನು ಸರಿದೂಗಿಸಿದ ಮೇಲಿನ ಅಂಕವೇ ಸ್ಕೋರ್‌ಕಾರ್ಡಿನಲ್ಲಿರುವುದು. ಹಾಗಾಗಿ ಬೆಳಗಿನ ಸ್ಲಾಟ್ ಬರೆದ ಗೆಳತಿಯ ಕಚ್ಚಾ ಅಂಕದೊಂದಿಗೆ ಸಂಜೆ ಬರೆದ ನಿಮ್ಮದನ್ನು ತಾಳೆ ನೋಡಿ ಕಣ್ಣೀರು ಹಾಕುವುದರಲ್ಲಿ ಅರ್ಥವಿಲ್ಲ.

ಈಗ ಹೆಚ್ಚಿನವರು ಓದದೆ ಬಿಡುವ ಭಾಗಕ್ಕೆ ಬರೋಣ. ಪ್ರತಿ ಐಐಎಂ ತನ್ನ ಪ್ರವೇಶ ನೀತಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಹತ್ತಾರು ಪುಟದ ಪಿಡಿಎಫ್, ನೋಡಲು ಬೇಸರ. ಆದರೆ ಇನ್ನೊಂದು ವರ್ಷ ಕೊಡುವುದಕ್ಕೆ ಮುಂಚೆ ಒಂದು ಸಂಜೆ ಅದಕ್ಕೆ ಕೊಡಲೇಬೇಕು.

ಅಲ್ಲಿ ಮೊದಲು ಕಾಣುವುದು ಕನಿಷ್ಠ ಮಿತಿ. ಈಚಿನ ವರ್ಷಗಳಲ್ಲಿ ಬೆಂಗಳೂರು ಐಐಎಂ ಸಾಮಾನ್ಯ ವರ್ಗಕ್ಕೆ ಇಟ್ಟಿರುವ ಒಟ್ಟಾರೆ ಮಿತಿ 85 ಪರ್ಸೆಂಟೈಲ್. ಇದನ್ನು ಓದಿ ‘ನನಗೆ 92 ಬಂದಿದೆ, ಆದರೂ ಸಂದರ್ಶನದ ಕಾಲ್ ಬಂದಿಲ್ಲ, ಏನೋ ಎಡವಟ್ಟಾಗಿದೆ’ ಎಂದು ಕಂಗಾಲಾದವರನ್ನು ನೋಡಿದ್ದೇನೆ. 85 ಎಂಬುದು ಹೊಸ್ತಿಲು. ಅದನ್ನು ದಾಟಿದವರನ್ನೆಲ್ಲ ಒಂದು ಪಟ್ಟಿಗೆ ಹಾಕಿ, ಕ್ಯಾಟ್ ಅಂಕದ ಜತೆಗೆ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಪದವಿಯ ಅಂಕ ಮತ್ತು ಕೆಲಸದ ಅನುಭವಕ್ಕೆ ತೂಕ ಕೊಟ್ಟು ಮೇಲಿನಿಂದ ಕರೆಯುತ್ತಾ ಬರುತ್ತಾರೆ. ಸಾಮಾನ್ಯ ವರ್ಗದ ಎಂಜಿನಿಯರ್ ಹುಡುಗರಿಗೆ, ಕ್ಯಾಟ್ ಬರೆಯುವವರ ಭಾಷೆಯಲ್ಲಿ ‘ಜೆಮ್’ಗಳಿಗೆ, ಆ ಪಟ್ಟಿಯಲ್ಲಿ ಜಾಗ ಸಿಗುವುದು 99ರ ಸುತ್ತಮುತ್ತ ಅಥವಾ ಅದಕ್ಕೂ ಮೇಲೆ.

ಅಹಮದಾಬಾದ್ ಐಐಎಂನ ನೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿಗೆ ಅಲ್ಲಿ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಅಲ್ಲಿ ಹಲವು ವರ್ಷಗಳಿಂದ ನಡೆದುಬಂದ ಕ್ರಮದಲ್ಲಿ ಶಾರ್ಟ್‌ಲಿಸ್ಟಿಗೆ ಕ್ಯಾಟ್‌ನ ತೂಕ 65 ಭಾಗ, ಹಳೆಯ ಅಂಕಗಳನ್ನೂ ಅನುಭವವನ್ನೂ ಸೇರಿಸಿದ ರೇಟಿಂಗ್‌ನ ತೂಕ 35 ಭಾಗ. ಹತ್ತನೇ ತರಗತಿಯ ಅಂಕಕ್ಕೆ ಮೆಟ್ಟಿಲು ಲೆಕ್ಕ: ಶೇ 70ಕ್ಕಿಂತ ಮೇಲೆ 80ರವರೆಗೆ 5 ಪಾಯಿಂಟ್, 80 ದಾಟಿ 90ರವರೆಗೆ 8, 90 ದಾಟಿದರೆ 10. ನಮ್ಮ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಅದರ ಶೇ 80 ಅಂದರೆ 500. ಹದಿನಾರನೇ ವಯಸ್ಸಿನಲ್ಲಿ 499 ತೆಗೆದವನಿಗೆ 5 ಪಾಯಿಂಟ್, 501 ತೆಗೆದವಳಿಗೆ 8. ಎರಡು ಅಂಕಕ್ಕೆ ಮೂರು ಪಾಯಿಂಟ್. ಇದು ನ್ಯಾಯವೇ ಎಂದು ವಾದ ಮಾಡಬಹುದು, ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಹತ್ತನೇ ತರಗತಿಯನ್ನು ಇನ್ನೊಮ್ಮೆ ಬರೆಯಲು ಆಗುವುದಿಲ್ಲ. ಕ್ಯಾಟ್ ಎಷ್ಟು ಸಲ ಬರೆದರೂ ಆ 5 ಅಲ್ಲೇ ಕೂತಿರುತ್ತದೆ.

ಹೀಗಾಗಿ ಮೊದಲು ಮಾಡಬೇಕಾದ ಕೆಲಸ ಇಷ್ಟು. ನಿಮ್ಮ ಹಳೆಯ ಅಂಕಗಳನ್ನು ಆ ಸೂತ್ರಕ್ಕೆ ಹಾಕಿ, ಕ್ಯಾಟ್ ಪರ್ಸೆಂಟೈಲ್ ಇರುವ ಜಾಗದಲ್ಲಿ ನಿಮಗೆ ಸಾಧ್ಯವಾಗಬಹುದಾದ ಅತಿ ಹೆಚ್ಚಿನ ಅಂಕ ಇಟ್ಟು ನೋಡಿ. ಆಮೇಲೂ ಆ ಸಂಸ್ಥೆ ದೂರವೇ ಉಳಿದರೆ, ಅದರ ಸಲುವಾಗಿ ಮತ್ತೆ ಬರೆಯುವುದು ದಂಡ. ಹಳೆಯ ಅಂಕಗಳನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಸಂಸ್ಥೆಗಳೂ ಇವೆ. ಹೊಸ ಐಐಎಂಗಳು ಸೇರಿ ನಡೆಸುವ ಜಂಟಿ ಸಂದರ್ಶನ ಪ್ರಕ್ರಿಯೆಯೂ ಇದೆ. ಗುರಿಯನ್ನು ಅಲ್ಲಿಗೆ ತಿರುಗಿಸಿದಾಗ ಅದೇ ಮರುಪರೀಕ್ಷೆಗೆ ಅರ್ಥ ಬರಬಹುದು.

ಇನ್ನೊಂದು ಗುಂಪಿದೆ: ಕಾಲ್ ಬಂದಿತ್ತು, ಸಂದರ್ಶನಕ್ಕೂ ಹೋದರು, ಕನ್ವರ್ಟ್ ಆಗಲಿಲ್ಲ, ಅಂದರೆ ಸೀಟು ಸಿಗಲಿಲ್ಲ. ಇವರಲ್ಲಿ ಬಹುಪಾಲು ಜನ ತಿರುಗಿ ಬಂದು ಮಾಡುವ ಮೊದಲ ಕೆಲಸ ಗಣಿತದ ಪುಸ್ತಕ ತೆಗೆಯುವುದು. ಕಾಲ್ ತಂದುಕೊಡುವ ಮಟ್ಟಿಗೆ ಕ್ಯಾಟ್ ತನ್ನ ಕೆಲಸ ಮಾಡಿತ್ತಲ್ಲ? ಸೋತದ್ದು ಸಂದರ್ಶನದಲ್ಲಿ, ಅಥವಾ ಸಂದರ್ಶನದ ಜತೆಗಿರುವ ಬರವಣಿಗೆಯ ಪರೀಕ್ಷೆಯಲ್ಲಿ. ಕೊನೆಯ ಆಯ್ಕೆಯಲ್ಲಿಯೂ ಕ್ಯಾಟ್ ಅಂಕಕ್ಕೆ ಒಂದಿಷ್ಟು ಪಾಲು ಇರುವುದು ನಿಜ, ಆದರೆ 98.5 ಅನ್ನು 99.2 ಮಾಡಿಕೊಳ್ಳುವುದಕ್ಕಿಂತ ‘ಎಂಬಿಎ ಏಕೆ, ಈಗಲೇ ಏಕೆ’ ಎಂದು ಕೇಳಿದಾಗ ತಡವರಿಸದೆ ಉತ್ತರಿಸುವುದನ್ನು ಕಲಿತರೆ ಲಾಭ ಹೆಚ್ಚು. ಕ್ಯಾಟ್ ಅಂಕದ ಆಯುಷ್ಯ ಒಂದೇ ಪ್ರವೇಶ ವರ್ಷದ್ದಾದ್ದರಿಂದ ಇವರೂ ಮತ್ತೆ ಬರೆಯಲೇಬೇಕಾಗುತ್ತದೆ, ಅದು ಬೇರೆ ಮಾತು. ವರ್ಷದ ಶ್ರಮವನ್ನು ಎಲ್ಲಿ ಸುರಿಯಬೇಕು ಎಂಬುದು ಮಾತ್ರ ಬದಲಾಗಬೇಕು.

ಅಂಕವೇ ತಡೆಯಾಗಿತ್ತು ಅಂತ ಖಾತ್ರಿಯಾದರೆ ಎರಡನೆಯ ಪ್ರಶ್ನೆ: ಅದು ಏರುತ್ತದೆಯೇ? ಇಲ್ಲಿ ಮಾಕ್ ಟೆಸ್ಟುಗಳು ಸಾಕ್ಷಿ ಹೇಳುತ್ತವೆ. ಎರಡು ಗಂಟೆಯ ಒಂದು ಪರೀಕ್ಷೆಯಲ್ಲಿ ಅದೃಷ್ಟಕ್ಕೂ ಪಾಲಿದೆ. ಪರಿಚಿತ ವಿಷಯದ ಪ್ಯಾಸೇಜ್ ಬಂತು, ಊಹಿಸಿದ ಮೂರು ಉತ್ತರ ಸರಿಯಾದವು, ಅಥವಾ ರಾತ್ರಿ ನಿದ್ದೆ ಬರಲಿಲ್ಲ, ಮೊದಲ ಸೆಕ್ಷನ್‌ನಲ್ಲೇ ಕೈ ನಡುಗಿತು. ಒಂದು ದಿನದ ಅಂಕದಲ್ಲಿ ನಿಮ್ಮ ಶಕ್ತಿಯ ಜತೆ ಇವೆಲ್ಲವೂ ಕಲೆತುಹೋಗಿವೆ. ಹತ್ತಾರು ಮಾಕ್‌ಗಳ ಸರಾಸರಿಯಲ್ಲಿ ಈ ಏರಿಳಿತ ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬಳ ಅಕ್ಟೋಬರ್, ನವೆಂಬರಿನ ಮಾಕ್‌ಗಳು 94ರಿಂದ 97ರ ನಡುವೆ ಓಡಾಡುತ್ತಿದ್ದವು, ಕ್ಯಾಟ್‌ನಲ್ಲಿ ಬಂದದ್ದು 88. ಇನ್ನೊಬ್ಬನ ಮಾಕ್‌ಗಳು 86ರಿಂದ 90ರಲ್ಲಿದ್ದವು, ಕ್ಯಾಟ್‌ನಲ್ಲಿ 95 ಬಂತು. ಮೊದಲನೆಯವಳು ಅದೇ ತಯಾರಿಯನ್ನು ಉಳಿಸಿಕೊಂಡು ಇನ್ನೊಂದು ಸಲ ಕೂತರೂ ಅಂಕ ಏರುವ ಸಂಭವ ಚೆನ್ನಾಗಿದೆ. ಎರಡನೆಯವನ ಅಂಕ ಇಳಿಯುವ ಸಂಭವವೇ ಹೆಚ್ಚು. ಅವನು ಆ 95ನ್ನು ಹಿಡಿದುಕೊಂಡು ಅದಕ್ಕೆ ಸಿಗುವ ಒಳ್ಳೆಯ ಸೀಟನ್ನು ನೋಡಿಕೊಳ್ಳುವುದೇ ಜಾಣತನ. ವಿಚಿತ್ರ ಅಂದರೆ ನಿಜ ಜೀವನದಲ್ಲಿ ನಡೆಯುವುದು ಉಲ್ಟಾ: 88 ಬಂದವಳು ‘ನನ್ನಿಂದ ಆಗಲ್ಲ’ ಎಂದು ಕೈಬಿಡುತ್ತಾಳೆ, 95 ಬಂದವನು ‘ಇನ್ನು ನಾಲ್ಕೇ’ ಎಂದು ಹುರುಪಿನಿಂದ ಒಂದು ವರ್ಷದ ಡ್ರಾಪ್ ತೆಗೆದುಕೊಳ್ಳುತ್ತಾನೆ. ಇನ್ನು ಮಾಕ್‌ಗಳನ್ನೇ ಬರೆದಿರದವರು, ಅಥವಾ ಬರೆದು ಒಂದನ್ನೂ ತಿರುಗಿ ನೋಡದವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಅಂಕ ಏರಲು ದಾರಿ ಅಗಲವಾಗಿಯೇ ಇದೆ, ನಡೆಯುವ ಮನಸ್ಸು ಇರಬೇಕು.

ಮಾಕ್ ಮತ್ತು ಕ್ಯಾಟ್ ಎರಡೂ ಒಂದೇ ಮಟ್ಟದಲ್ಲಿದ್ದರೆ? ಆಗ ಅದೇ ಓದಿಗೆ ಅದೇ ಅಂಕ ಬರುತ್ತದೆ. ಬದಲಾಗುವುದು ಏನು ಎಂದು ಒಂದು ಸಾಲಿನಲ್ಲಿ ಹೇಳಲು ಆಗಬೇಕು. ‘ಈ ಸಲ ಇನ್ನೂ ಸೀರಿಯಸ್ಸಾಗಿ ಓದುತ್ತೇನೆ’ ಎಂಬುದು ಆ ಸಾಲಲ್ಲ.

ಆ ಸಾಲು ಹುಡುಕಲು ರೆಸ್ಪಾನ್ಸ್ ಶೀಟ್ ಇದೆ. ಪರೀಕ್ಷೆಯಾದ ಕೆಲವೇ ದಿನಗಳಲ್ಲಿ ಕೀ ಉತ್ತರಗಳ ಜತೆ ನೀವು ಒತ್ತಿದ ಉತ್ತರಗಳೂ ಲಾಗಿನ್‌ನಲ್ಲಿ ಸಿಗುತ್ತವೆ. ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಸಿಗುತ್ತದೆ ಎಂಬ ಭರವಸೆ ಬೇಡ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಲೆಕ್ಕ ತಪ್ಪಿತು, ಹೊತ್ತು ಸಾಲಲಿಲ್ಲ, ಸುಮ್ಮನೆ ಒತ್ತಿದೆ. ಗಣಿತದಲ್ಲಿ ಹದಿನಾಲ್ಕು ಆಯ್ಕೆಯ ಪ್ರಶ್ನೆ ಮುಟ್ಟಿ ಎಂಟು ಸರಿ, ಆರು ತಪ್ಪು ಅಂತಿಟ್ಟುಕೊಳ್ಳಿ. 24ರಲ್ಲಿ 6 ಹೋಗಿ 18. ಆ ಆರನ್ನು ಮುಟ್ಟದೇ ಇದ್ದಿದ್ದರೆ 24. ಹೊಸದಾಗಿ ಒಂದಕ್ಷರ ಓದದೆ ಬರುವ ಆರು ಅಂಕ ಅದು. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಲಾಭ ಸೊನ್ನೆ: ನಾಲ್ಕರಲ್ಲಿ ಒಂದು ಸಲ 3 ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಲು ಆದರೆ ಮಾತ್ರ ಊಹೆ ಲಾಭದ ಕಡೆ ವಾಲುತ್ತದೆ.

ಹೊತ್ತಿನ ಲೆಕ್ಕ ಶೀಟಿನಲ್ಲಿ ಇರುವುದಿಲ್ಲ, ನೆನಪಿನಿಂದ ಬರೆದುಕೊಳ್ಳಬೇಕು. ಡೇಟಾ ಮತ್ತು ಲಾಜಿಕ್ ಸೆಕ್ಷನ್‌ನಲ್ಲಿ ಅದೇ ಮುಖ್ಯ. 2024ರಲ್ಲಿ ಅಲ್ಲಿ 22 ಪ್ರಶ್ನೆ, ಐದು ಸೆಟ್, 40 ನಿಮಿಷ. ಬಿಡಿಸಲಾಗದ ಸೆಟ್ಟಿಗೆ ಕೈಹಾಕಿ ಹದಿನೆಂಟು ನಿಮಿಷ ಕಳೆದುಕೊಂಡವನ ತೊಂದರೆ ಲಾಜಿಕ್ ಬರುವುದಿಲ್ಲ ಎಂಬುದಲ್ಲ, ಬಿಟ್ಟುಬಿಡಲು ಬರುವುದಿಲ್ಲ ಎಂಬುದು. ಇದು ಎರಡು ಮೂರು ತಿಂಗಳ ಅಭ್ಯಾಸದಲ್ಲಿ ಸುಧಾರಿಸುವ ರೋಗ.

ಓದುವ ವೇಗದ ತೊಂದರೆ ಹಾಗಲ್ಲ. ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ, ಮೊದಲ ಸೆಕ್ಷನ್ನಿನ 24 ಪ್ರಶ್ನೆಗಳಲ್ಲಿ 16 ದೊಡ್ಡ ಪ್ಯಾಸೇಜುಗಳ ಮೇಲೆ. ತತ್ವಶಾಸ್ತ್ರ, ಪರಿಸರ, ಕಲಾ ಇತಿಹಾಸ, ಯಾವುದು ಬೇಕಾದರೂ ಬರಬಹುದು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ಎಂಜಿನಿಯರಿಂಗ್ ಮಾಡಿದವರ ಸ್ಕೋರ್‌ಕಾರ್ಡಿನಲ್ಲಿ ಗಣಿತ 98, ಈ ಭಾಷೆಯ ಸೆಕ್ಷನ್ 72 ಎಂಬಂಥ ಜೋಡಿ ಕಂಡರೆ ಅಚ್ಚರಿಯಿಲ್ಲ. ಒಟ್ಟಾರೆ ಚೆನ್ನಾಗಿದ್ದರೂ ಸೆಕ್ಷನ್ ಕಟ್ ಆಫ್‌ನಲ್ಲಿ, ಅಂದರೆ ಒಂದೊಂದು ಸೆಕ್ಷನ್ನಿಗೂ ಇಟ್ಟ ಕನಿಷ್ಠ ಮಿತಿಯಲ್ಲಿ, ಇವರು ಸಿಕ್ಕಿಬೀಳುತ್ತಾರೆ. ಇವರು ಮತ್ತೆ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತಡೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಆದರೆ ಸೆಪ್ಟೆಂಬರಿನಲ್ಲಿ ಶುರುಮಾಡಿದರೆ ಆಗದು. ಜನವರಿಯಿಂದಲೇ ದಿನಕ್ಕೊಂದು ಗಂಟೆ, ಅರ್ಥವಾಗದ ವಿಷಯದ ಉದ್ದ ಲೇಖನಗಳನ್ನು ಓದುವ ಅಭ್ಯಾಸ ಬೇಕು. ಶಬ್ದಪಟ್ಟಿ ಬಾಯಿಪಾಠ ಮಾಡಿದರೆ ಕ್ಯಾಟ್‌ಗೆ ಅಷ್ಟೇನೂ ಉಪಯೋಗವಿಲ್ಲ.

ಇದಕ್ಕೆಲ್ಲ ತೆರಬೇಕಾದ ಬೆಲೆ ಏನು? ಅರ್ಜಿ ಶುಲ್ಕ 2025ರಲ್ಲಿ ಸಾಮಾನ್ಯ ವರ್ಗಕ್ಕೆ 2,600 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 1,300. ಅದು ಚಿಲ್ಲರೆ. ನಿಜವಾದ ಬೆಲೆ ಒಂದು ವರ್ಷ. ಕೆಲಸದಲ್ಲಿದ್ದುಕೊಂಡೇ ಬರೆಯುವವರಿಗೆ ಆ ವರ್ಷ ಪೂರ್ತಿ ನಷ್ಟವಲ್ಲ: ಸಂಬಳ ಬರುತ್ತದೆ, ಹಲವು ಸಂಸ್ಥೆಗಳ ಲೆಕ್ಕದಲ್ಲಿ ಅನುಭವದ ಅಂಕವೂ ಏರುತ್ತದೆ. ಕೆಲಸ ಬಿಟ್ಟು ಓದಲು ಕೂರುವುದಕ್ಕೆ ನಾನು ಸುಲಭಕ್ಕೆ ಹೂಂ ಅನ್ನುವುದಿಲ್ಲ. ಕ್ಯಾಟ್‌ಗೆ ಬೇಕಾದ ಗಣಿತ ಬಹುತೇಕ ಹತ್ತನೇ ತರಗತಿಯ ಮಟ್ಟದ್ದು. ದಿನಕ್ಕೆ ಹತ್ತು ಗಂಟೆ ಓದಲು ಅಲ್ಲಿ ಸರಕೇ ಇಲ್ಲ. ಕೆಲಸ ಬಿಟ್ಟವರು ಮೂರು ಗಂಟೆ ಓದಿ ಉಳಿದ ಹೊತ್ತು ಆತಂಕದಲ್ಲಿ ಕಳೆಯುತ್ತಾರೆ. ಮೇಲಾಗಿ ಸಂದರ್ಶನದಲ್ಲಿ ಆ ಖಾಲಿ ವರ್ಷಕ್ಕೆ ಉತ್ತರ ಕೊಡಬೇಕು.

ಕೊನೇ ಸೆಮಿಸ್ಟರಿನಲ್ಲಿದ್ದು ಕ್ಯಾಂಪಸ್ ಕೆಲಸ ಸಿಕ್ಕಿದವರಿಗೆ ಯೋಚನೆಯೇ ಬೇಡ, ಸೇರಿಕೊಂಡು ಮತ್ತೆ ಬರೆಯಿರಿ. ಕ್ಯಾಟ್‌ಗೆ ವಯಸ್ಸಿನ ಮಿತಿಯಿಲ್ಲ, ಇಷ್ಟೇ ಸಲ ಎಂಬ ಮಿತಿಯೂ ಇಲ್ಲ. ಕೈಯಲ್ಲಿ ಒಂದು ಸೀಟು ಇರುವವರ ಸಂಕಟ ಬೇರೆ. ಆ ಕಾಲೇಜಿನ ಪ್ಲೇಸ್‌ಮೆಂಟ್ ವರದಿಯಲ್ಲಿ ಸರಾಸರಿ ಸಂಬಳಕ್ಕಿಂತ ಮೀಡಿಯನ್ (ಎಲ್ಲರ ಸಂಬಳವನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ಎಷ್ಟು ಎಂದು ನೋಡಿ, ಶುಲ್ಕದ ಪಕ್ಕ ಇಟ್ಟು ನೋಡಿ. ಎರಡು ವರ್ಷದ ಶುಲ್ಕಕ್ಕೆ ಸಾಲ ಮಾಡಿ, ಈಗಿನ ಕೆಲಸದಷ್ಟೇ ಸಂಬಳದ ಕೆಲಸಕ್ಕೆ ಹೋಗುವುದಾದರೆ ಒಂದು ವರ್ಷ ಕಾಯುವುದು ಅಗ್ಗ.

ಇನ್ನೊಂದು ಅನಿಶ್ಚಿತತೆಯನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು: ಪತ್ರಿಕೆಯ ರೂಪ ಹಾಗೇ ಇರುತ್ತದೆ ಎಂಬ ಖಾತ್ರಿಯಿಲ್ಲ. 2019ರವರೆಗೆ ಮೂರು ಗಂಟೆ, ನೂರು ಪ್ರಶ್ನೆ ಇದ್ದ ಪರೀಕ್ಷೆ 2020ರಲ್ಲಿ ಕೋವಿಡ್ ಕಾರಣಕ್ಕೆ ಎರಡು ಗಂಟೆ, 76 ಪ್ರಶ್ನೆಗೆ ಇಳಿಯಿತು, ಆಮೇಲೆ 66ಕ್ಕೆ. ನಿಧಾನವಾಗಿ ಓದಿ ಸರಿಯಾಗಿ ಉತ್ತರಿಸುವ ಕ್ರಮ ರೂಢಿಸಿಕೊಂಡಿದ್ದ ಹಳಬರು ಆ ವರ್ಷ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು.

ಜಿಮ್ಯಾಟ್ ಬರೆಯುವವರಿಗೆ ಈ ಲೆಕ್ಕವೆಲ್ಲ ಬುಡಮೇಲು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಐದಾರು ವರ್ಷ ದುಡಿದು ಹೈದರಾಬಾದಿನ ಐಎಸ್‌ಬಿಗೋ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಅಮೆರಿಕ, ಯುರೋಪಿನ ಬಿಸಿನೆಸ್ ಶಾಲೆಗಳಿಗೋ ಹೋಗಬಯಸುವವರ ಪರೀಕ್ಷೆ ಇದು. ಕ್ಯಾಟ್‌ನಲ್ಲಿ ಒಂದು ವರ್ಷ ಕಾಯಬೇಕಾದಲ್ಲಿ ಇಲ್ಲಿ 16 ದಿನ ಸಾಕು. ಹನ್ನೆರಡು ತಿಂಗಳಲ್ಲಿ ಐದು ಸಲ ಬರೆಯಬಹುದು, ಅಂಕ ಐದು ವರ್ಷ ಬಾಳುತ್ತದೆ, ನೀವಾಗಿ ಕಳಿಸದ ಹೊರತು ಅಂಕ ಯಾವ ಶಾಲೆಗೂ ಕಾಣುವುದಿಲ್ಲ. ಅಂದರೆ ಮತ್ತೆ ಬರೆದು ಕಡಿಮೆ ಬಂದರೂ ಕಳೆದುಕೊಳ್ಳುವುದು ಶುಲ್ಕ ಮಾತ್ರ. ಆದರೆ ಆ ಶುಲ್ಕವೇ ಒಂದು ಸಲಕ್ಕೆ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ.

ಅಲ್ಲಿ ಜನ ಎಡವುವುದು ಹಳೆಯ ಅಂಕದ ಗುಂಗಿನಲ್ಲಿ. 2023ರ ನವೆಂಬರಿನಲ್ಲಿ ಬಂದ ಹೊಸ ರೂಪದಲ್ಲಿ ಅಂಕ 205ರಿಂದ 805ರವರೆಗೆ, ಎಲ್ಲವೂ 5ರಲ್ಲೇ ಮುಗಿಯುತ್ತವೆ. ಮೊದಲು 700 ಬಂದವರ ಸಾಲಿನಲ್ಲಿ ಈಗ ನಿಲ್ಲುವುದು ಹೆಚ್ಚುಕಡಿಮೆ 645. ಅಣ್ಣನಿಗೆ 2019ರಲ್ಲಿ 710 ಬಂದಿತ್ತು, ನನಗೆ 655 ಎಂದು ಬೇಜಾರು ಮಾಡಿಕೊಂಡು ಇನ್ನೊಮ್ಮೆ ಬರೆಯಲು ಹೊರಡುವವರು ಮೊದಲು ಪರ್ಸೆಂಟೈಲ್ ಕೋಷ್ಟಕ ನೋಡಲಿ. ಗಣಿತ, ಭಾಷೆ, ಡೇಟಾ ಮೂರಕ್ಕೂ ಈಗ ಸಮ ತೂಕ, ಹಾಗಾಗಿ ಗಣಿತದಲ್ಲಿ ಗಟ್ಟಿಯಾಗಿರುವ ಎಂಜಿನಿಯರುಗಳಿಗೆ ಅಂಕ ಉಳಿದಿರುವುದು ಉಳಿದೆರಡರಲ್ಲಿ. ಶಾಲೆ ಪ್ರಕಟಿಸುವ ಅಂಕಗಳ ವ್ಯಾಪ್ತಿಯಲ್ಲಿ ನೀವು ಮಧ್ಯಕ್ಕಿಂತ ಮೇಲಿದ್ದರೆ ಮೂರನೇ ಸಲದ ಜಿಮ್ಯಾಟ್‌ಗಿಂತ ಪ್ರಬಂಧಗಳಿಗೂ ಶಿಫಾರಸು ಪತ್ರಗಳಿಗೂ ಸಮಯ ಕೊಡುವುದು ಮೇಲು. ಅರ್ಜಿಯ ಮೊದಲ ಸುತ್ತಿನ ಗಡುವು ಬಹಳ ಕಡೆ ಸೆಪ್ಟೆಂಬರಿನಲ್ಲೇ ಬಂದುಬಿಡುತ್ತದೆ.

ರಾಜ್ಯದೊಳಗೇ ಎಂಬಿಎ ಮಾಡುವ ಯೋಚನೆ ಇದ್ದವರು ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯನ್ನು ಮರೆಯಬಾರದು. ಮೈಸೂರಿನ ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆಯಂಥ ವಿಶ್ವವಿದ್ಯಾಲಯದ ವಿಭಾಗಗಳ ಶುಲ್ಕ ಐಐಎಂ ಶುಲ್ಕದ ಒಂದು ತುಣುಕು. ಖಾಸಗಿ ಕಾಲೇಜುಗಳಿಗೆ ಕೆಮ್ಯಾಟ್, ಸಿಮ್ಯಾಟ್, ಮ್ಯಾಟ್ ಎಂಬ ಪರೀಕ್ಷೆಗಳಿವೆ. ಕ್ಯಾಟ್‌ಗೆ ಓದಿದ್ದೇ ಇವುಗಳಿಗೆ ಸಾಕು, ಪ್ರತ್ಯೇಕ ತಯಾರಿಗೆ ವರ್ಷ ಕೊಡುವ ಅಗತ್ಯವಿಲ್ಲ.

ಮತ್ತೆ ಬರೆಯುವುದೇ ಸರಿ ಅಂತ ತೀರ್ಮಾನಿಸಿದ ಮೀಸಲಾತಿ ಅಭ್ಯರ್ಥಿಗಳು ಒಂದು ಕಾಗದದ ಬಗ್ಗೆ ಎಚ್ಚರ ವಹಿಸಬೇಕು. ಐಐಎಂಗಳಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ನಮ್ಮ 2ಎ, 3ಎ, 3ಬಿ ಪ್ರಮಾಣಪತ್ರ ಅಲ್ಲಿ ಚಲಾವಣೆಯಾಗುವುದಿಲ್ಲ, ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರ ಮತ್ತು ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರ ಆದಾಯದ ಮೇಲೆ ನಿಂತಿರುವುದರಿಂದ ಹೋದ ವರ್ಷದ್ದನ್ನೇ ಮತ್ತೆ ಹಚ್ಚಲು ಆಗದಿರಬಹುದು. ಅರ್ಜಿ ತುಂಬುವುದು ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ. ತಾಲ್ಲೂಕು ಕಚೇರಿಯ ಕೆಲಸವನ್ನು ಜೂನ್‌ನಲ್ಲೇ ಮುಗಿಸಿಕೊಳ್ಳಿ.